ಐಮಂಗಲದ ಮಣ್ಣು ಹೊತ್ತು ಹಾಲೆಂಡಿಗೆ

ಐಮಂಗಲ

ಹಾಲೆಂಡಿಗೆ ಹೊರಟಾಗ ನನ್ನ ಪೆಟ್ಟಿಗೆಯಲ್ಲಿ ನಾಲ್ಕು ಸೀರೆ, ಎರಡು ಸ್ವೆಟರು, ಒಂದು ಚೀಲ ರಾಗಿ ಹಿಟ್ಟು, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ಮತ್ತು ಒಂಬತ್ತು ಪೊಟ್ಟಣ ಮಣ್ಣು ಇದ್ದವು. ಉಳಿದದ್ದನ್ನೆಲ್ಲ ಮನೆಯವರು ತುಂಬಿಸಿದ್ದರು. ಮಣ್ಣನ್ನು ಮಾತ್ರ ನಾನೇ ತುಂಬಿಕೊಂಡಿದ್ದೆ.

ಆಗ ನಾನು ಹಿರಿಯೂರಿನಲ್ಲಿ ಮಣ್ಣು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿದ್ದೆ. ಮನೆ ಚಿತ್ರದುರ್ಗದಲ್ಲಿ, ದಿನಾ ಬಸ್ಸಿನ ಓಡಾಟ. ರೈತರು ಹೊಲದ ಮಣ್ಣನ್ನು ಕವರಿನಲ್ಲಿ ಕಟ್ಟಿ ತಂದರೆ ಹುಳಿ ಎಷ್ಟು, ಉಪ್ಪು ಎಷ್ಟು, ಯಾವ ಗೊಬ್ಬರ ಬೇಕು ಎಂದು ಚೀಟಿ ಬರೆದುಕೊಡುವುದು ನನ್ನ ಕೆಲಸ. ಹೊಳಲ್ಕೆರೆಯ ಕೆಂಪು ಮಣ್ಣು, ಹೊಸದುರ್ಗದ ಕಲ್ಲುಗರಸು, ಹಿರಿಯೂರಿನ ಕಪ್ಪು ಎರೆ ಎಂದು ಕಣ್ಣಲ್ಲೇ ಹೇಳುವಷ್ಟು ಪಳಗಿದ್ದೆ. ಮಣ್ಣಿನಲ್ಲಿ ಎಣ್ಣೆ ಇದೆಯೇ ಎಂದು ಮಾತ್ರ ಅಷ್ಟು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ.

ಮೊದಲು ಕೇಳಿದವರು ಹನುಮಕ್ಕ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಹಿಂದಿನ ವರ್ಷದ ಮಳೆಗಾಲದಲ್ಲಿ ಐಮಂಗಲದ ಹತ್ತಿರ ಹೈವೇಯಲ್ಲಿ ಡೀಸೆಲ್ ಟ್ಯಾಂಕರೊಂದು ಮಗುಚಿಕೊಂಡಿತ್ತು. ಜನ ಕೊಡ, ಬಕೆಟ್ಟು ತಂದು ತುಂಬಿಕೊಂಡದ್ದು ಸ್ವಲ್ಪ, ಉಳಿದದ್ದು ರಸ್ತೆ ಪಕ್ಕದ ಚರಂಡಿಗುಂಟ ಹರಿದು ಇಳಿಜಾರಿನ ಹೊಲಗಳ ಕಡೆ ಹೋಯಿತು. ರಸ್ತೆಯ ಮೇಲೆ ನಾಲ್ಕು ಬುಟ್ಟಿ ಮರಳು ಎರಚಿ ಎಲ್ಲ ಸರಿಹೋಯಿತು ಎಂದರು. ಆರು ತಿಂಗಳಲ್ಲಿ ಹನುಮಕ್ಕನ ಹೊಲದ ಬಾವಿಯ ನೀರು ವಾಸನೆ ಹೊಡೆಯತೊಡಗಿತು.

ಹನುಮಕ್ಕನಿಗೆ ಅರವತ್ತರ ಆಸುಪಾಸು. ಮೂರೆಕರೆ ಶೇಂಗಾದ ಹೊಲ, ಒಂದು ಹಿಂಡು ಕುರಿ. ಸುತ್ತಲಿನ ಐದಾರು ಮನೆಗಳಿಗೂ ಅದೇ ಬಾವಿ. ನಾನು ಹೋದಾಗ ಒಂದು ಚೊಂಬು ನೀರನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ನೋಡ್ರಿ ಮೇಡಮ್ಮಾರೆ. ಕುರಿ ಹತ್ರ ಬಂದು ಹಿಂದಕ್ಕೆ ಸರೀತಾವೆ. ನಾವು ಕುಡೀತೀವಿ. ಬ್ಯಾರೆ ನೀರು ಎಲ್ಲೈತೆ?"

ಪಂಚಾಯ್ತಿಯವರು ಕೈಪಂಪಿನ ಬೋರು ಕೊರೆಸಲು ಒಪ್ಪಿದ್ದರು. ಹೊಲದ ಕೆಳಮೂಲೆಯಲ್ಲಿ ಬೇವಿನ ಮರವೊಂದಿದೆ, ಅದರ ಪಕ್ಕದಲ್ಲಿ ಜಾಗ ಗೊತ್ತಾಗಿತ್ತು.

"ಅಲ್ಲಿಗೂ ಎಣ್ಣೆ ಇಳಿದೈತೋ ಏನೋ ಯಾರಿಗ್ ಗೊತ್ತು?" ಎಂದರು ಹನುಮಕ್ಕ. "ನೀವು ಹೂಂ ಅಂದ್ರೆ ಕೊರೀಲಿ. ಇಲ್ಲಾಂದ್ರೆ ಬ್ಯಾಡ."

ಮಣ್ಣು ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಎರೆ ಎರೆಯ ಹಾಗೆಯೇ ಇತ್ತು. ನಮ್ಮ ಪ್ರಯೋಗಾಲಯದಲ್ಲಿ ಅದನ್ನು ಪತ್ತೆ ಮಾಡುವ ಯಂತ್ರವಿರಲಿಲ್ಲ. ಅಂಥ ಹೊತ್ತಿನಲ್ಲೇ ಹಾಲೆಂಡಿನ ಮೂರು ತಿಂಗಳ ತರಬೇತಿಗೆ ನನ್ನ ಹೆಸರು ಬಂತು. ಉಪಗ್ರಹದ ಚಿತ್ರಗಳಿಂದ ಮಣ್ಣನ್ನು ಓದುವ ವಿದ್ಯೆ, ಅದರಲ್ಲಿ ಒಂದು ಪಾಠ ಎಣ್ಣೆ ಬಿದ್ದ ನೆಲವನ್ನು ಗುರುತಿಸುವುದು. ನಾನು ಉಬ್ಬಿಹೋಗಿ ಹನುಮಕ್ಕನಿಗೆ ವಿವರಿಸಿದೆ.

"ನೆಲದ ಮ್ಯಾಲೆ ನಿಂತೋರಿಗೇ ಕಾಣದ್ದು ಅಷ್ಟು ಎತ್ತರದಾಗಿಂದ ಕಾಣ್ತೈತಾ?"

"ಕಾಣುತ್ತೆ ಹನುಮಕ್ಕ," ಎಂದುಬಿಟ್ಟೆ. ಹಾಗೆ ಹೇಳಿದ ಗಳಿಗೆಯಿಂದಲೇ ಎದೆಯಲ್ಲಿ ಅಳುಕು ಶುರುವಾಯಿತು.

ಎಂಟು ಕಡೆಯಿಂದ ಮಣ್ಣು ತೆಗೆದೆ. ಐದು ಚರಂಡಿಯ ಉದ್ದಕ್ಕೂ, ಆರನೆಯದು ಚರಂಡಿ ಹೋಗಿ ಸೇರುವ ಹಳ್ಳದ ದಂಡೆಯಲ್ಲಿ, ಏಳು ಮತ್ತು ಎಂಟು ಬೇವಿನ ಮರದ ಹತ್ತಿರ. ಹೊರಡುವ ಎರಡು ದಿನ ಮೊದಲು ಏನೋ ತೋಚಿ, ರಸ್ತೆಗಿಂತ ಎತ್ತರದಲ್ಲಿರುವ ಮೇಲಿನ ಹೊಲದಿಂದ ಒಂಬತ್ತನೆಯ ಪೊಟ್ಟಣವನ್ನೂ ಕಟ್ಟಿದೆ. ಎಣ್ಣೆ ಮೇಲಕ್ಕೆ ಹರಿಯುವುದಿಲ್ಲ. ಹೋಲಿಸಿ ನೋಡಲು ಎಣ್ಣೆ ತಾಗದ ಮಣ್ಣೂ ಒಂದಿರಲಿ ಎಂದುಕೊಂಡೆ.

ಆಂಸ್ಟರ್‌ಡ್ಯಾಂ ವಿಮಾನ ನಿಲ್ದಾಣ

ಮೊದಲ ವಿಮಾನ ಪ್ರಯಾಣ. ಎಲ್ಲರೂ ಮೋಡ ನೋಡುತ್ತಿದ್ದರೆ ನಾನು ಕೈಚೀಲದೊಳಗಿನ ಅನುಮತಿ ಪತ್ರವನ್ನು ಹತ್ತು ಸಲ ತೆಗೆದು ನೋಡಿದ್ದೆ. ಪರದೇಶಕ್ಕೆ ಮಣ್ಣು ಒಯ್ಯುವಂತಿಲ್ಲ, ಒಯ್ಯಬೇಕಾದರೆ ಅವರ ಸರ್ಕಾರದ ಒಪ್ಪಿಗೆ ಬೇಕು. ತರಬೇತಿ ಸಂಸ್ಥೆಯವರು ಅದನ್ನು ತರಿಸಿ ಕಳಿಸಿದ್ದರು. ಅದರಲ್ಲಿ 'ಎಂಟು' ಎಂದಿತ್ತು. ಒಂಬತ್ತನೆಯದನ್ನು ಕಟ್ಟಿದಾಗ ಈ ಪತ್ರದ ನೆನಪೇ ಆಗಿರಲಿಲ್ಲ. ಬೊಂಬಾಯಿ ದಾಟಿದ ಮೇಲೆ ಆಯಿತು.

ಕಸ್ಟಮ್ಸಿನಲ್ಲಿ ಕೇಳುವ ಮೊದಲೇ ನಾನಾಗಿಯೇ ಪೆಟ್ಟಿಗೆ ತೆರೆದು ತೋರಿಸಿದೆ. ತೆಂಗಿನ ಮರದಷ್ಟು ಎತ್ತರದ ಅಧಿಕಾರಿ ಬಗ್ಗಿ ನೋಡಿದ. ಮೊದಲು ಅವನ ಕೈಗೆ ಸಿಕ್ಕಿದ್ದು ರಾಗಿ ಹಿಟ್ಟು.

"ಇದೂ ಮಣ್ಣೇ?"

"ಅಲ್ಲ, ಊಟ."

ಅವನು ನನ್ನ ಮುಖ ನೋಡಿದ, ಹಿಟ್ಟನ್ನು ನೋಡಿದ. ಬೇರೆ ದಾರಿ ಕಾಣದೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನುಂಗಿ ತೋರಿಸಿದೆ. ಒಣಹಿಟ್ಟು ಗಂಟಲಿಗೆ ಹತ್ತಿ ಕೆಮ್ಮು ಬಂತು. ಅವನು ಗಾಬರಿಯಾಗಿ ನೀರು ತರಿಸಿದ. ಸಾಲಿನಲ್ಲಿ ಹಿಂದೆ ನಿಂತಿದ್ದ ಮುದುಕಿಯೊಬ್ಬಳು ನನ್ನ ಬೆನ್ನು ತಟ್ಟಿದಳು.

ಕೆಮ್ಮು ನಿಂತ ಮೇಲೆ ಅವನು ಪೊಟ್ಟಣಗಳನ್ನು ಎಣಿಸಿದ. ಮತ್ತೊಮ್ಮೆ ಎಣಿಸಿದ. ಬೈಯಲಿಲ್ಲ, ದನಿ ಏರಿಸಲಿಲ್ಲ. "ಪತ್ರದಲ್ಲಿ ಎಂಟಿದೆ. ಒಂದನ್ನು ಇಲ್ಲೇ ಬಿಡಿ. ಯಾವುದು ಅಂತ ನೀವೇ ಹೇಳಿ," ಎಂದ. ನಮ್ಮೂರಿನಲ್ಲಾಗಿದ್ದರೆ ಒಂದಿಷ್ಟು ಬೇಡಿಕೊಳ್ಳಬಹುದಿತ್ತು. ಅವನ ಮರ್ಯಾದೆಯ ಮುಂದೆ ಬೇಡಲು ಬಾಯೇ ಬರಲಿಲ್ಲ.

ಎಣ್ಣೆ ಇದೆಯೇ ಎಂದು ಹುಡುಕಲು ಬಂದವಳು ಎಣ್ಣೆ ಇಲ್ಲದ ಮಣ್ಣನ್ನು ಏಕೆ ಉಳಿಸಿಕೊಳ್ಳಲಿ? ಒಂಬತ್ತನೆಯದನ್ನು ಎತ್ತಿ ಕೊಟ್ಟೆ. ಅವನು ಅದನ್ನು ಹಳದಿ ಚೀಲಕ್ಕೆ ಹಾಕಿ ಬಾಯಿ ಬಿಗಿದ.

ಗುಡ್ಡವಿಲ್ಲದ ಊರು

ತರಬೇತಿ ಇದ್ದದ್ದು ಆಂಸ್ಟರ್‌ಡ್ಯಾಮಿನಿಂದ ಎರಡು ಗಂಟೆ ರೈಲಿನ ದೂರದ ಸಣ್ಣ ಪಟ್ಟಣದಲ್ಲಿ. ಚಿತ್ರದುರ್ಗದಲ್ಲಿ ಬೆಳೆದವಳಿಗೆ ದಿಕ್ಕು ತಿಳಿಯಲು ಒಂದು ಬೆಟ್ಟ ಬೇಕು. ಅಲ್ಲಿ ಹಾಸಿದ ಚಾಪೆಯ ಹಾಗೆ ನೆಲ. ಮೊದಲ ವಾರ ಹಾಸ್ಟೆಲ್ಲಿಗೆ ಹೋಗುವ ದಾರಿಯನ್ನು ನಾಲ್ಕು ಸಲ ತಪ್ಪಿದೆ. ಒಮ್ಮೆ ಯಾರದೋ ಹಿತ್ತಲಿಗೇ ನುಗ್ಗಿದ್ದೆ. ಆ ಮನೆಯವರು ಕಾಫಿ ಕೊಟ್ಟು, ಮಗಳನ್ನು ಜೊತೆ ಮಾಡಿ ಕಳಿಸಿದರು.

ಎಲ್ಲಿ ನೋಡಿದರೂ ನೀರು. ನಮ್ಮಲ್ಲಿ ನೀರು ಮೇಲೆತ್ತಲು ಪಂಪು, ಅವರಿಗೆ ನೀರು ಹೊರಹಾಕಲು ಪಂಪು. ಬೆಳಿಗ್ಗೆ ದೊಡ್ಡವರು ಸಹ ಬ್ರೆಡ್ಡಿನ ಮೇಲೆ ಚಾಕೊಲೇಟಿನ ಸಣ್ಣ ಕಾಳು ಉದುರಿಸಿಕೊಂಡು ಗಂಭೀರವಾಗಿ ತಿನ್ನುತ್ತಿದ್ದರು. ನಾನು ಅದೇ ಬ್ರೆಡ್ಡಿಗೆ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ಪಕ್ಕದಲ್ಲಿ ಕೂರುತ್ತಿದ್ದೆ.

ಪ್ರಯೋಗಾಲಯವನ್ನು ನೋಡಿಕೊಳ್ಳುತ್ತಿದ್ದವಳು ಮರೈಕ. ನನಗಿಂತ ಹತ್ತು ವರ್ಷ ದೊಡ್ಡವಳು, ಮಾತು ಕಡಿಮೆ. ನನಗೆ ಸೈಕಲ್ ಬರುವುದಿಲ್ಲವೆಂದು ತಿಳಿದಾಗ, ಈಜು ಬಾರದ ಮೀನನ್ನು ಕಂಡವಳ ಹಾಗೆ ನೋಡಿದಳು. ಆಮೇಲೆ ದಿನಾ ತನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ನನ್ನನ್ನು ಕೂರಿಸಿಕೊಂಡು ಹೋಗುತ್ತಿದ್ದಳು. ಸೆರಗು ಚಕ್ರಕ್ಕೆ ಸಿಕ್ಕೀತೆಂದು ನಾನು ಉಸಿರು ಬಿಗಿಹಿಡಿದೇ ಕೂತಿರುತ್ತಿದ್ದೆ.

ದಾರಿಯಲ್ಲಿ ಒಂದು ಪೆಟ್ರೋಲ್ ಬಂಕ್ ಇತ್ತು. ಸುತ್ತ ಬೇಲಿ, ಒಳಗೆ ಬಿಳಿ ಅಂಗಿಯ ಕೆಲಸಗಾರರು, ಆಳದ ಗುಂಡಿ. ನೆಲದಡಿಯ ಟ್ಯಾಂಕು ಸೋರಿತ್ತಂತೆ. ಮಣ್ಣನ್ನೆಲ್ಲ ಅಗೆದು, ಲಾರಿಯಲ್ಲಿ ಒಯ್ದು, ತೊಳೆದು ತರುತ್ತಾರೆ ಎಂದಳು ಮರೈಕ. ಮಣ್ಣು ತೊಳೆಯುವುದನ್ನು ನಾನು ಕೇಳಿದ್ದೇ ಮೊದಲು. "ನಿಮ್ಮಲ್ಲಿ ಏನು ಮಾಡಿದರು?" ಎಂದು ಕೇಳಿದಳು. ನಾಲ್ಕು ಬುಟ್ಟಿ ಮರಳು ಎಂದು ಹೇಳಲು ನಾಲಿಗೆ ಏಳಲಿಲ್ಲ.

ಎರಡನೆಯ ವಾರ ಉಪಗ್ರಹದ ಚಿತ್ರಗಳ ಪಾಠ. ಯಾವುದೋ ಮರಳುಗಾಡಿನಲ್ಲಿ ಎಣ್ಣೆ ನಿಂತು ಕಪ್ಪು ಕೆರೆಗಳಾದದ್ದನ್ನು ಮೇಷ್ಟ್ರು ಪರದೆಯ ಮೇಲೆ ತೋರಿಸಿದರು. ಪಾಠ ಮುಗಿದ ಮೇಲೆ ನಮ್ಮ ಜಿಲ್ಲೆಯ ಚಿತ್ರ ಇದೆಯೇ ಎಂದು ಕೇಳಿದೆ. ಅವರು ಹುಡುಕಿ ತೆಗೆದರು. ವಾಣಿವಿಲಾಸ ಸಾಗರ ನೀಲಿ ಚೂರಾಗಿ ಕಂಡಿತು. ಹೈವೇ ಒಂದು ಕೂದಲೆಳೆ. ಅಷ್ಟು ದೂರದಲ್ಲಿ ಊರು ಕಂಡು ಕಣ್ಣು ತುಂಬಿಬಂತು. ಐಮಂಗಲದ ಮೇಲೆ ಬೆರಳಿಟ್ಟೆ.

"ಹೊಲ ಎಷ್ಟು ದೊಡ್ಡದು?"

"ಮೂರೆಕರೆ."

"ಹಾಗಾದರೆ ಹನ್ನೆರಡೋ ಹದಿಮೂರೋ ಚುಕ್ಕೆ," ಎಂದರು. "ನಿಮ್ಮ ಚರಂಡಿ ಒಂದು ಚುಕ್ಕೆಗಿಂತ ಸಣ್ಣದು. ಇದರಲ್ಲಿ ಕಾಣುವುದಿಲ್ಲ."

ಹನುಮಕ್ಕನ ಪ್ರಶ್ನೆಗೆ ಉತ್ತರ ಅಲ್ಲಿಯೇ ಸಿಕ್ಕಿತ್ತು. ಮೇಲಿನಿಂದ ಕಾಣುವುದಿಲ್ಲ. ಇನ್ನು ಉಳಿದದ್ದು ನಾನು ತಂದ ಎಂಟು ಪೊಟ್ಟಣ.

ಒಂದು ಭಾನುವಾರ

ಉಪಗ್ರಹದಲ್ಲಿರುವ ಕಣ್ಣಿನಂಥದ್ದೇ ಯಂತ್ರವೊಂದು ಮರೈಕಳ ಮೇಜಿನ ಮೇಲಿತ್ತು. ಮಣ್ಣಿನ ಮೇಲೆ ಬೆಳಕು ಬಿಟ್ಟರೆ ಮಣ್ಣು ಸ್ವಲ್ಪ ಬೆಳಕನ್ನು ನುಂಗಿ ಉಳಿದದ್ದನ್ನು ಹಿಂದಕ್ಕೆ ಕೊಡುತ್ತದೆ. ಒಂದೊಂದು ವಸ್ತು ಒಂದೊಂದು ಬಗೆಯ ಬೆಳಕನ್ನು ನುಂಗುತ್ತದೆ. ಕಣ್ಣಿಗೆ ಕಾಣದ ಆ ಬೆಳಕು ಎಲ್ಲಿ ಕಡಿಮೆಯಾಯಿತೋ ಅಲ್ಲಿ ಕಾಗದದ ಗೆರೆಯಲ್ಲಿ ಒಂದು ತಗ್ಗು ಬೀಳುತ್ತದೆ. ಎಣ್ಣೆ ಇದ್ದರೆ ತಗ್ಗು ಎಲ್ಲಿ ಬರಬೇಕೆಂದು ಪಾಠದಲ್ಲಿ ಬರೆದುಕೊಂಡಿದ್ದೆ.

ಯಂತ್ರ ಶನಿವಾರ ನನಗೆ ಸಿಕ್ಕಿತು. ಮರೈಕ ಊರಲ್ಲಿರಲಿಲ್ಲ, ಬರುವುದು ಗುರುವಾರ. ಮೊದಲ ಪೊಟ್ಟಣದ ಗೆರೆಯಲ್ಲಿ ತಗ್ಗು. ಎರಡರಲ್ಲಿ ತಗ್ಗು. ಐದರವರೆಗೂ ಹಾಗೆಯೇ. ಅದು ನಿರೀಕ್ಷಿಸಿದ್ದೇ. ಆರರಲ್ಲಿಯೂ ಇತ್ತು. ಏಳನ್ನು ಇಟ್ಟೆ. ತಗ್ಗು. ಎಂಟರಲ್ಲಿಯೂ ತಗ್ಗು.

ಬೇವಿನ ಮರದ ಬುಡದಲ್ಲಿ ಎಣ್ಣೆ!

ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವಳೇ ಕಾರ್ಡ್ ಹಾಕುವ ಫೋನಿನಿಂದ ಮನೆಗೆ ಮಾಡಿದೆ. ನಮ್ಮ ಯಜಮಾನರು ಆದಿವಾಲದಲ್ಲಿ ಮೇಷ್ಟ್ರು. ಹೆಸರು ತಿಪ್ಪೇಸ್ವಾಮಿ. ಭಾನುವಾರವಾದ್ದರಿಂದ ಮನೆಯಲ್ಲಿದ್ದರು.

"ರೀ, ಐಮಂಗಲಕ್ಕೆ ಹೋಗಿ ಬನ್ನಿ. ಬೇವಿನ ಮರದ ಹತ್ತಿರ ಬೋರು ಕೊರೆಯಬೇಡಿ ಅಂತ ಹೇಳಿ."

"ಅಲ್ಲಿಗೂ ಹೋಗೈತಾ?"

"ಹೌದು ರೀ. ಯಂತ್ರದಲ್ಲಿ ಬಂದಿದೆ."

"ಯಂತ್ರ ಹೇಳಿದ್ಮ್ಯಾಲೆ ಮುಗೀತು. ಈಗ್ಲೇ ಹೊರಡ್ತೀನಿ. ನೀನು ಊಟ ಮಾಡ್ತಿದೀಯೇನೆ?"

ಬೇಡ ಎಂದು ಹೇಳಿದೆ, ಸರಿ. ಅಲ್ಲಿ ಬೇಡವೆಂದರೆ ಮತ್ತೆಲ್ಲಿ ಕೊರೆಯುತ್ತಾರೆ ಎಂಬುದು ನನ್ನ ತಲೆಗೆ ಬರಲೇ ಇಲ್ಲ.

ಗುರುವಾರ

ಗುರುವಾರ ಬೆಳಿಗ್ಗೆ ನನ್ನ ಎಂಟು ಗೆರೆಗಳನ್ನು ಮರೈಕಳ ಮುಂದೆ ಹರಡಿದೆ. ಮೆಚ್ಚುತ್ತಾಳೆಂದುಕೊಂಡಿದ್ದೆ. ಅವಳು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು.

"ನಿಮ್ಮ ಮಣ್ಣಿನಲ್ಲಿ ಸುಣ್ಣ ಇದೆಯೇ?"

ಇದೆ. ಹಿರಿಯೂರಿನ ಎರೆಯಲ್ಲಿ ಸುಣ್ಣದ ಹರಳು ಕೈಗೇ ಸಿಗುತ್ತವೆ. ಅವಳು ಏಳನೆಯ ಪೊಟ್ಟಣದ ಒಂದು ಚಮಚ ಮಣ್ಣಿಗೆ ಆಸಿಡ್ಡಿನ ಹನಿ ಬಿಟ್ಟಳು. ಬುಸ್ಸೆಂದು ನೊರೆ ಬಂತು. ಇದೇ ಪರೀಕ್ಷೆಯನ್ನು ನಾನು ಹಿರಿಯೂರಿನಲ್ಲಿ ದಿನಕ್ಕೆ ಹತ್ತು ಸಲ ಮಾಡುತ್ತಿದ್ದೆ.

"ಸುಣ್ಣದ ತಗ್ಗೂ ಎಣ್ಣೆಯ ತಗ್ಗೂ ಅಕ್ಕಪಕ್ಕದ ಮನೆಯವು," ಎಂದಳು ಮರೈಕ. "ಎಣ್ಣೆ ಇದ್ದರೆ ಇನ್ನೊಂದು ತಗ್ಗು ಇಲ್ಲಿ, ದೂರದಲ್ಲಿ ಬರಬೇಕು." ಅವಳ ಬೆರಳು ಗೆರೆಯ ಮೇಲೆ ಹಿಂದಕ್ಕೆ ಸರಿಯಿತು. ಒಂದರಿಂದ ಐದರವರೆಗೆ ಆ ಎರಡನೆಯ ತಗ್ಗು ಇತ್ತು. ಆರರಲ್ಲೂ ಸಣ್ಣದಾಗಿ ಇತ್ತು. ಏಳು ಮತ್ತು ಎಂಟರಲ್ಲಿ ಗೆರೆ ನೇರವಾಗಿ ಓಡಿತ್ತು. "ಎಣ್ಣೆ ತಾಗದ ಮಣ್ಣು ತಂದಿಲ್ಲವೇ ಹೋಲಿಸಲು?"

ವಿಮಾನ ನಿಲ್ದಾಣದ ಹಳದಿ ಚೀಲ ಕಣ್ಣ ಮುಂದೆ ಬಂತು. ಅದೊಂದಿದ್ದಿದ್ದರೆ ಶನಿವಾರವೇ ತಿಳಿಯುತ್ತಿತ್ತು. ಅದರ ಗೆರೆಯಲ್ಲೂ ಇದೇ ಸುಣ್ಣದ ತಗ್ಗು ಬರುತ್ತಿತ್ತು.

ಕಸ್ಟಮ್ಸಿನಲ್ಲಿ ಬಿಟ್ಟುಬಂದೆ ಎಂದೆ. ಅವಳು ಏಳು, ಎಂಟರ ಸುಣ್ಣವನ್ನು ಆಸಿಡ್ಡಿನಲ್ಲಿ ಪೂರ್ತಿ ಕರಗಿಸಿ, ತೊಳೆದು, ಒಣಗಿಸಿ ಮತ್ತೆ ಯಂತ್ರದ ಕೆಳಗಿಟ್ಟಳು. ಮಣ್ಣು ಒಣಗುವವರೆಗೆ ನಾನು ಅದೇ ಕೋಣೆಯಲ್ಲಿ ನೂರು ಸುತ್ತು ಹಾಕಿದೆ. ಕೊನೆಗೆ ಗೆರೆ ಬಂತು. ತಗ್ಗು ಮಾಯವಾಗಿತ್ತು. ಬೇವಿನ ಮರದ ಮಣ್ಣು ಶುದ್ಧ. ಎಣ್ಣೆ ಇಳಿಯುತ್ತಿದ್ದದ್ದು ಹಳ್ಳದ ಕಡೆಗೆ.

ಆಗ ಗಡಿಯಾರದಲ್ಲಿ ಹನ್ನೊಂದೂವರೆ. ಊರಿನಲ್ಲಿ ಮಧ್ಯಾಹ್ನ ಮೂರು. ಯಜಮಾನರು ಶಾಲೆಯಲ್ಲಿರುತ್ತಾರೆ. ಐಮಂಗಲದ ಎಸ್‌ಟಿಡಿ ಬೂತಿನ ನಂಬರು ನನ್ನ ಡೈರಿಯಲ್ಲಿತ್ತು. ಮರೈಕ ತನ್ನ ಮೇಜಿನ ಫೋನನ್ನೇ ನನ್ನ ಕಡೆ ತಳ್ಳಿದಳು.

ಬೂತಿನವನು ಶಿವಣ್ಣ. ನಾನು ಯಾರೆಂದು ಹೇಳುತ್ತಲೇ ಕೂಗಿದ, "ಹಾಲೆಂಡ್ ಮೇಡಮ್ಮಾರಾ! ಬೋರಿನ ಲಾರಿ ಬಂದೈತ್ರಿ ಇವತ್ತು!"

"ಎಲ್ಲಿಗೆ?"

"ನೀವೇ ಬ್ಯಾಡ ಅಂದ್ರಂತಲ್ಲ ಬೇವಿನ ಮರದ ತಾವ. ಅದಕ್ಕೇ ಹಳ್ಳದ ದಂಡೆಗೆ ನಿಲ್ಲಿಸವ್ರೆ. ಅಲ್ಲಿ ನೀರು ಚೆನ್ನಾಗೈತಂತೆ."

ಆರನೆಯ ಪೊಟ್ಟಣದ ಜಾಗ. ಒಳ್ಳೆಯ ನೆಲದ ಮೇಲೆ ನಿಂತಿದ್ದವರನ್ನು ನಾನೇ ಕೈಹಿಡಿದು ಕೆಟ್ಟ ನೆಲಕ್ಕೆ ಕರೆದೊಯ್ದಿದ್ದೆ.

"ಶಿವಣ್ಣ, ಓಡಿಹೋಗಿ ಹನುಮಕ್ಕನ್ನ ಕರೆದುಕೊಂಡು ಬಾರಪ್ಪ. ಹತ್ತು ನಿಮಿಷಕ್ಕೆ ಮತ್ತೆ ಮಾಡ್ತೀನಿ."

ಹತ್ತು ನಿಮಿಷಕ್ಕೆ ಮಾಡಿದರೆ ಲೈನು ಸಿಗಲಿಲ್ಲ. ಮತ್ತೆ ಮಾಡಿದೆ. ಗೊರಗೊರ ಸದ್ದು. ಆರನೆಯ ಸಲವೋ ಏಳನೆಯ ಸಲವೋ ಹನುಮಕ್ಕನ ಏದುಸಿರು ಕೇಳಿಸಿತು. ಅವರು ಫೋನಿನಲ್ಲಿ ಮಾತಾಡಿದ್ದು ಅದೇ ಮೊದಲಂತೆ. ಹೊಲದ ಆಚೆ ಬದುವಿನಲ್ಲಿರುವವರನ್ನು ಕೂಗುವ ಹಾಗೆ ಕೂಗಿದರು.

"ಏನವ್ವಾ? ಏನಾತು?"

"ಹನುಮಕ್ಕ, ನಾನು ತಪ್ಪು ಹೇಳಿಬಿಟ್ಟೆ. ಬೇವಿನ ಮರದ ಹತ್ರ ಎಣ್ಣೆ ಇಲ್ಲ. ಹಳ್ಳದ ಹತ್ರ ಇದೆ. ಅಲ್ಲಿ ಕೊರೆಯಬಾರದು."

ಆ ಕಡೆ ಮತ್ತೆ ಗೊರಗೊರ ಸದ್ದು. ಲೈನು ಹೋಯಿತೆಂದುಕೊಂಡೆ.

"ಭಾನುವಾರ ಹಿಂಗಂದ್ರಿ. ಇವತ್ತು ಹಂಗಂತೀರಿ. ನಾಳೆ?"

ಮರೈಕಳಿಗೆ ಮಾತು ಅರ್ಥವಾಗದಿದ್ದರೂ ಪರಿಸ್ಥಿತಿ ಅರ್ಥವಾಗಿತ್ತು. ಒಂದು ಚೀಟಿಯ ಮೇಲೆ ಗಾಜಿನ ಬಾಟಲಿಯ ಚಿತ್ರ ಬರೆದು ತೋರಿಸಿದಳು. ಮೊಣಕೈ ಆಳದಿಂದ ಅಗೆದು ತೆಗೆದ ಮಣ್ಣು, ಅದರ ಮೇಲೆ ಬಿಸಿನೀರು, ಮುಚ್ಚಳ ಹಾಕಿ ಕುಲುಕುವುದು. ಎಣ್ಣೆ ಇದ್ದರೆ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಟ್ಟುತ್ತದೆ.

"ನನ್ನ ಮಾತು ನಂಬಬೇಡಿ ಹನುಮಕ್ಕ," ಎಂದೆ. "ನೀವೇ ನೋಡಿ. ಎರಡೂ ಕಡೆ ಮಣ್ಣು ಅಗೆದು, ಎರಡು ಬಾಟ್ಲಿಯಲ್ಲಿ ಹಾಕಿ." ಮಾಡುವ ಬಗೆಯನ್ನು ಎರಡು ಸಲ ಹೇಳಿದೆ.

"ಅಲ್ಲೀತನಕ ಲಾರಿಯೋರು ನಿಲ್ಲಿಸ್ತಾರಾ? ನನ್ನ ಮಾತು ಯಾರು ಕೇಳ್ತಾರೆ?" ಎಂದರು. ಆಮೇಲೆ ತಮಗೆ ತಾವೇ ಹೇಳಿಕೊಂಡ ಹಾಗೆ, "ಇರ್ಲಿ, ನೋಡಾಣ," ಎಂದು ಫೋನಿಟ್ಟರು.

ಅಂದು ಮಧ್ಯಾಹ್ನದ ಪಾಠದಲ್ಲಿ ಏನು ಹೇಳಿದರೋ ನನಗೆ ತಿಳಿಯದು. ಯಜಮಾನರು ಮನೆಗೆ ಬರುವ ಹೊತ್ತು ಲೆಕ್ಕ ಹಾಕಿ ಫೋನ್ ಮಾಡಿದೆ. ಅತ್ತೆ ಎತ್ತಿ, "ಅವನು ಇನ್ನೂ ಬಂದಿಲ್ಲಮ್ಮ, ಅದ್ಯಾರೋ ಶಾಲೆಗೇ ಫೋನ್ ಮಾಡಿ ಐಮಂಗಲಕ್ಕೆ ಕರಸ್ಕೊಂಡ್ರಂತೆ," ಎಂದರು. ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತೆ. ಮರೈಕ ಮನೆಗೆ ಹೋಗದೆ, ಕೋಟು ಹಾಕಿಕೊಂಡೇ ಎದುರಿಗೆ ಕೂತಿದ್ದಳು. ಅವರಲ್ಲಿ ಊಟದ ಹೊತ್ತು ಐದು ನಿಮಿಷ ತಪ್ಪಿದರೂ ಮನೆಯವರು ಗಾಬರಿಯಾಗುತ್ತಾರೆ. ಅವಳು ಮನೆಗೆ ಫೋನ್ ಮಾಡಿ ಎರಡೇ ಮಾತಿನಲ್ಲಿ ಏನೋ ಹೇಳಿದಳು.

ಮತ್ತೆ ಒಂದು ಗಂಟೆ ಬಿಟ್ಟು ಮಾಡಿದಾಗ ಯಜಮಾನರೇ ಎತ್ತಿದರು. ಅವರು ನಗುತ್ತಿದ್ದರು.

"ನಿಮ್ಮ ಹನುಮಕ್ಕ ಏನು ಮಾಡೈತೆ ಗೊತ್ತಾ? ಇಡೀ ಹಿಂಡು ಕುರಿ ಹೊಡ್ಕೊಂಡು ಹೋಗಿ ಬೋರಿನ ಲಾರಿ ಸುತ್ತ ಬಿಟ್ಟೈತೆ. ನಡುವೆ ತಾನೂ ಕುಂತ್ಕಂಡೈತೆ. ಲಾರಿಯೋರು ಕೂಗಿದ್ರೂ ಏಳಂಗಿಲ್ಲ, ಕುರಿನೂ ಕದಲಂಗಿಲ್ಲ. ನಾನು ಹೋಗೋತನಕ ಒಂದು ಅಡಿನೂ ಕೊರೆದಿಲ್ಲ."

"ಬಾಟ್ಲಿ?"

"ಮಾಡಿದ್ವಿ. ಹಳ್ಳದ ದಂಡೆ ಮಣ್ಣಿನ ನೀರಿನ ಮ್ಯಾಲೆ ಕಾಮನಬಿಲ್ಲು ಬಂತು ಕಣೆ. ಬೇವಿನ ಮರದ್ದು ಬರೀ ಕೆಸರು. ಲಾರಿಯೋನೇ ಬಾಟ್ಲಿ ಇಸ್ಕೊಂಡು ಬಿಸಿಲಿಗೆ ಹಿಡಿದು ನೋಡಿದ. ನಾಳೆ ಬೇವಿನ ಮರದ ತಾವನೇ ಕೊರೀತಾರೆ."

ಮರೈಕಳಿಗೆ ಹೇಳಿದೆ. ಕುರಿಗಳ ಸಂಗತಿಯನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ ಆ ಮಾತುಗಾರ್ತಿಯಲ್ಲದ ಹೆಂಗಸು ಜೋರಾಗಿ ನಕ್ಕು, ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ತನ್ನ ಮನೆಗೆ ಊಟಕ್ಕೆ ಒಯ್ದಳು.

ಮತ್ತೆ ಐಮಂಗಲ

ಮೂರು ತಿಂಗಳು ಮುಗಿಸಿ ಬಂದ ಮೇಲೆ ಮೊದಲ ಭಾನುವಾರವೇ ಹೋದೆ. ಬಸ್ಸಿಳಿದು ಹೊಲದ ದಾರಿ ಹಿಡಿದಾಗ ಕಾಲು ಹಿಂಜರಿಯುತ್ತಿತ್ತು. ಹಳೆಯ ಬಾವಿಯ ಸುತ್ತ ಜಾಲಿಮುಳ್ಳು ಹೇರಿದ್ದರು. ಅದು ಇಂದಿಗೂ ಹಾಗೆಯೇ ಇದೆ. ಹಳ್ಳದ ಮಣ್ಣನ್ನು ಅಗೆದು ತೊಳೆಯಬೇಕೆಂದು ನಾನು ಬರೆದ ವರದಿ ಕಡತ ಸೇರಿತು. ಮಳೆ ಬಂದಾಗಲೆಲ್ಲ ಅಲ್ಲಿನ ನೀರು ಹೊಳೆಯುತ್ತದೆ.

ಬೇವಿನ ಮರದ ಪಕ್ಕದಲ್ಲಿ ಕೈಪಂಪು ನಿಂತಿತ್ತು. ಹನುಮಕ್ಕ ನನ್ನನ್ನು ಕಂಡು, "ಬರ್ರಿ ಬರ್ರಿ, ಕುಂತ್ಕಳ್ರಿ," ಎಂದು ಕಂಬಳಿ ಹಾಸಿದರು. ನಾನು ಕೂರದೆ ನಿಂತೇ, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತನ್ನು ಹೇಳಿದೆ. ನನ್ನ ಅವಸರದಿಂದ ನಿಮ್ಮೆಲ್ಲರಿಗೂ ವಿಷದ ನೀರು ಕುಡಿಸುತ್ತಿದ್ದೆ, ಅವತ್ತು ನೀವು ಲಾರಿಗೆ ಅಡ್ಡ ಕೂರದಿದ್ದರೆ ಏನಾಗುತ್ತಿತ್ತೋ ಎಂದೆ.

ಹನುಮಕ್ಕ ಪಂಪು ಒತ್ತುತ್ತಲೇ ಕೇಳಿಸಿಕೊಂಡರು. ಚೊಂಬು ತುಂಬಿದ ಮೇಲೆ ಸೆರಗಿನಿಂದ ಅದರ ಅಂಚು ಒರೆಸಿದರು.

"ಟ್ಯಾಂಕರು ಬಿದ್ದಾಗಿಂದ ಎಷ್ಟು ಜನ ಬಂದು ಹೋಗವ್ರೆ ಗೊತ್ತೇನವ್ವಾ? ಏನೂ ಆಗಲ್ಲ ಅಂದೋರು, ಎಲ್ಲ ಸರಿ ಐತೆ ಅಂದೋರು. ನಾನು ತಪ್ಪು ಹೇಳಿದ್ದೆ ಅಂತ ಫೋನ್ ಮಾಡಿದ್ದು ನೀನೊಬ್ಬಳೇ. ಅದಕ್ಕೇ ಹೋಗಿ ಕುಂತ್ಕಂಡೆ."

ಅಲ್ಲಿಯವರೆಗೆ ನೀವು, ಮೇಡಮ್ಮಾರೆ ಎನ್ನುತ್ತಿದ್ದವರು ಮೊದಲ ಸಲ ನೀನು ಎಂದಿದ್ದರು. ಚೊಂಬನ್ನು ನನ್ನ ಕೈಗಿತ್ತು ಎದುರಿಗೇ ನಿಂತರು. ಎತ್ತಿ ಬಾಯಿಗೆ ಸುರಿದುಕೊಂಡೆ. ಮೊದಲ ಗುಟುಕು ಗಂಟಲಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ತಣ್ಣಗೆ ಇಳಿಯಿತು.